ಬೈದವರಿಗೂ ಲೆಕ್ಕ ಒಪ್ಪಿಸಬೇಕೆ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಸುಪಾಸಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಅಭ್ಯಾಸ ಮಾಡಿದ್ದುಂಟು. ಹಾಗಾಗಿ ಕೊಳಗಲ್ಲು, ಕುರುಗೋಡು ಕಡೆಯವರಿಗೆ ಅವರು ಬರೀ ಟಿವಿಯೊಳಗಿನ ಹೀರೊ ಅಲ್ಲ, ಬಳ್ಳಾರಿ ಬಿಸಿಲು ಉಂಡವರು. 2025ರ ಏಪ್ರಿಲ್ 25ರಂದು ಅವರು ಹೊರಡಿಸಿದ ಹೇಳಿಕೆಯನ್ನು ನಾವು ನಿಧಾನವಾಗಿ ಓದಬೇಕು.

ಎನ್‌ಸಿ ಕ್ಲಾಸಿಕ್ ಜಾವೆಲಿನ್ ಕೂಟಕ್ಕೆ ಅವರು ಬೇರೆ ದೇಶದ ಎಸೆತಗಾರರ ಜೊತೆ ಪಾಕಿಸ್ತಾನದ ಅರ್ಷದ್ ನದೀಮ್ ಅವರನ್ನೂ ಕರೆದಿದ್ದರು. ಕರೆ ಹೋದದ್ದು ಸೋಮವಾರ. ಮರುದಿನ, ಏಪ್ರಿಲ್ 22ರಂದು, ಪಹಲ್ಗಾಮ್‌ನಲ್ಲಿ ಭಯೋತ್ಪಾದಕ ದಾಳಿ ನಡೆಯಿತು. ಜನ ನೀರಜ್ ಮೇಲೆ ಮುಗಿಬಿದ್ದರು, ಅವರ ತಾಯಿಯನ್ನೂ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ 92.97 ಮೀಟರ್ ಎಸೆದು ಚಿನ್ನ ಗೆದ್ದ ನದೀಮ್‌ನನ್ನು ಅವನೂ ನಮ್ಮ ಹುಡುಗನೇ ಎಂದಿದ್ದ ತಾಯಿ ಆಕೆ. ಅಂದು ಆ ಮಾತಿಗೆ ಕೊಂಡಾಡಿದವರೇ ಇಂದು ಅದೇ ಮಾತಿಗೆ ಬೈಯುತ್ತಿದ್ದಾರೆ ಎಂದು ನೀರಜ್ ಬರೆದರು. ಇಡೀ ಹೇಳಿಕೆಯಲ್ಲಿ ಗಟ್ಟಿಯಾದ ಭಾಗ ಅದೇ.

ಉಳಿದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಆಮಂತ್ರಣ ಯಾವ ದಿನ ಹೋಯಿತು, ದಾಳಿ ಯಾವ ದಿನ ಆಯಿತು ಎಂದು ತಾರೀಖು ಹಿಡಿದು ವಿವರಿಸುತ್ತಾರೆ. ದೇಶವೇ ಮೊದಲು ಎನ್ನುತ್ತಾರೆ. ಸೇನೆಯಲ್ಲಿರುವ, ಒಲಿಂಪಿಕ್ ಚಿನ್ನ ತಂದ ಮನುಷ್ಯ ಹೆಸರೂ ಮುಖವೂ ಇಲ್ಲದವರ ಮುಂದೆ ದೇಶಪ್ರೇಮಕ್ಕೆ ಸಾಕ್ಷಿ ಒದಗಿಸುತ್ತಾ ನಿಂತಂತಾಯಿತು. ಸಮಜಾಯಿಷಿ ಕೊಡುತ್ತಲೇ, ಅದನ್ನು ಕೇಳುವ ಹಕ್ಕು ಅವರಿಗಿದೆ ಎಂದು ಒಪ್ಪಿಕೊಂಡ ಹಾಗೆ. 2021ರ ಆಗಸ್ಟ್‌ನಲ್ಲಿ ಇದೇ ನೀರಜ್ ಬೇರೆಯಾಗಿದ್ದರು. ಟೋಕಿಯೊದಲ್ಲಿ ನದೀಮ್ ನೀರಜ್ ಅವರ ಜಾವೆಲಿನ್ ಎತ್ತಿಕೊಂಡಿದ್ದಕ್ಕೆ ಜನ ಕತೆ ಕಟ್ಟಿದಾಗ, ನನ್ನ ಹೆಸರು ಹಿಡಿದು ನಿಮ್ಮ ಕೊಳಕು ಕೆಲಸ ಮಾಡಬೇಡಿ ಎಂಬರ್ಥದಲ್ಲಿ ವಿಡಿಯೊ ಮಾಡಿ ಗದರಿಸಿದ್ದರು. ಇನ್ನೊಬ್ಬನನ್ನು ಕಾಪಾಡಲು ನಿಂತಾಗ ಇದ್ದ ಬಲ, ತನ್ನನ್ನೇ ಕಾಪಾಡಿಕೊಳ್ಳುವಾಗ ಕುಂದಿತು. ತಾಯಿಯನ್ನು ಎಳೆದು ತಂದಮೇಲೆ ಯಾರಿಗಾದರೂ ಕೈ ನಡುಗುತ್ತದೆ, ನಿಜ.

ಹಾಗಾದರೆ ಚೆನ್ನಾದ ಉತ್ತರ ಯಾವುದು? ನನ್ನ ಆಯ್ಕೆ ಆರ್‌ಸಿಬಿ ಕ್ರಿಕೆಟ್ ತಂಡದಲ್ಲಿದ್ದ ಡ್ಯಾನ್ ಕ್ರಿಶ್ಚಿಯನ್ ಅವರದು. 2021ರ ಅಕ್ಟೋಬರ್ 11ರಂದು ಶಾರ್ಜಾದ ಎಲಿಮಿನೇಟರ್‌ನಲ್ಲಿ ಅವರ ಒಂದೇ ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಹೊಡೆದರು, ಆರ್‌ಸಿಬಿ ಸೋತಿತು. ನಮ್ಮ ಅಭಿಮಾನಿಗಳು ಗರ್ಭಿಣಿಯಾಗಿದ್ದ ಅವರ ಸಂಗಾತಿಯ ಇನ್‌ಸ್ಟಾಗ್ರಾಮಿಗೆ ನುಗ್ಗಿದರು. ಇವತ್ತು ಚೆನ್ನಾಗಿ ಆಡಲಿಲ್ಲ, ಆಟ ಅಂದಮೇಲೆ ಅದು ಇದ್ದದ್ದೇ, ಅವಳನ್ನು ಮಾತ್ರ ಇದರಿಂದ ಬಿಡಿ ಎಂದಷ್ಟೇ ಕ್ರಿಶ್ಚಿಯನ್ ಬರೆದರು. ಆಟದ ತಪ್ಪು ಒಪ್ಪಿಕೊಂಡು, ಮನೆಯ ಬಾಗಿಲು ಹಾಕಿಕೊಂಡರು. ಅದೇ ರಾತ್ರಿ ಅವರ ತಂಡದ ಜೊತೆಗಾರ ಮ್ಯಾಕ್ಸ್‌ವೆಲ್ ನಿಜವಾದ ಅಭಿಮಾನಿಗಳಿಗೆ ಧನ್ಯವಾದ ಹೇಳಿ, ಉಳಿದವರದು ಕಸ ಎಂದರು. ಸಿಟ್ಟು ನ್ಯಾಯವಾದದ್ದೇ. ಆದರೆ ಬೈದವರೂ ಅದೇ ಕೆಂಪು ಜೆರ್ಸಿ ತೊಟ್ಟವರಲ್ಲವೆ?

ಆಟದಿಂದಲೇ ಉತ್ತರ ಕೊಡಲಿ ಎನ್ನುವವರು ದಾವಣಗೆರೆಯ ಬೌಲರ್ ವಿನಯ್ ಕುಮಾರ್ ಅವರನ್ನು ನೆನೆಯಲಿ. 2013ರ ನವೆಂಬರ್ 2ರಂದು ಚಿನ್ನಸ್ವಾಮಿಯಲ್ಲಿ, ರೋಹಿತ್ ಶರ್ಮಾ 209 ಹೊಡೆದ ಪಂದ್ಯದಲ್ಲಿ, ಅವರು 9 ಓವರಿಗೆ 102 ರನ್ ಕೊಟ್ಟರು. ಅವರನ್ನು ಗೇಲಿ ಮಾಡುವ ಜೋಕುಗಳಿಗೆ ಲೆಕ್ಕವಿರಲಿಲ್ಲ. ಮೂರೇ ತಿಂಗಳಲ್ಲಿ ನಾಯಕನಾಗಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟರು. ಮರುವರ್ಷ ಮತ್ತೆ ಗೆದ್ದು, ಫೈನಲ್‌ನಲ್ಲಿ ಐದು ವಿಕೆಟ್ ಕಿತ್ತು ಅಜೇಯ 105 ಬಾರಿಸಿದರು. ಭಾರತದ ಪರ ಮಾತ್ರ ಆ 102 ರನ್ನಿನ ಪಂದ್ಯವೇ ಅವರ ಕೊನೆಯ ಏಕದಿನ ಪಂದ್ಯವಾಯಿತು.