ಊರು ಆರಿಸಿ ಹಾಡುವ ಗಿಲ್ಮೋರ್

ಡೇವಿಡ್ ಗಿಲ್ಮೋರ್ ಎಂಟು ವರ್ಷಗಳ ನಂತರ 2024ರ ಸೆಪ್ಟೆಂಬರಿನಲ್ಲಿ ಮತ್ತೆ ಪ್ರವಾಸ ಹೊರಟಾಗ ಅವರಿಗೆ 78 ವರ್ಷ. ಬ್ರೈಟನ್‌ನಲ್ಲಿ ತಾಲೀಮಿನಂತೆ ಎರಡು ಕಛೇರಿ, ರೋಮ್‌ನ ಸರ್ಕಸ್ ಮ್ಯಾಕ್ಸಿಮಸ್ ಬಯಲಿನಲ್ಲಿ ಆರು ರಾತ್ರಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆರು, ಲಾಸ್ ಏಂಜಲೀಸಿನಲ್ಲಿ ನಾಲ್ಕು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐದು. ನವೆಂಬರ್ 10ಕ್ಕೆ ಪ್ರವಾಸ ಮುಗಿಯಿತು. ಒಟ್ಟು 23 ಕಛೇರಿ, ಐದು ಊರು. ಪಿಂಕ್ ಫ್ಲಾಯ್ಡ್‌ನ ಕಂಠವೂ ಗಿಟಾರೂ ಆಗಿದ್ದ ಈ ಹಿರಿಯನ ಅಭಿಮಾನಿಗಳು ಪಟ್ಟಿ ಹೊರಬಿದ್ದ ದಿನದಿಂದ ವಾದಕ್ಕಿಳಿದರು. ಪ್ಯಾರಿಸ್ ಯಾಕಿಲ್ಲ, ಜರ್ಮನಿ ಯಾಕಿಲ್ಲ, ರೋಮ್‌ನಲ್ಲೇ ಆರು ಸಲ ಹಾಡುವ ಬದಲು ಆರು ದೇಶಕ್ಕೆ ಹೋಗಬಾರದಿತ್ತೇ? ಹಳೆಯ ಹಾಡುಗಳನ್ನು ಬಿಟ್ಟು ಹೊಸ ಆಲ್ಬಮ್ಮನ್ನು ಇಡಿಯಾಗಿ ಹಾಡುವ ಹಟ ಯಾಕೆ?

ಈ ಎರಡು ಆಕ್ಷೇಪಗಳನ್ನು ಬೇರೆ ಬೇರೆಯಾಗಿ ನೋಡುವವರೇ ಹೆಚ್ಚು. ನನಗೆ ಅವು ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಎಲ್ಲಿ ಹಾಡಬೇಕು ಎನ್ನುವುದನ್ನು ಗಿಲ್ಮೋರ್ ಏನು ಹಾಡಬೇಕು ಎನ್ನುವುದರಷ್ಟೇ ಗಂಭೀರವಾಗಿ ಆರಿಸುತ್ತಾರೆ. ಆ ಆಯ್ಕೆಯಲ್ಲಿ ಅವರು ಕೆಲವೆಡೆ ಅಪೂರ್ವವಾಗಿ ಗೆದ್ದಿದ್ದಾರೆ, ಕೆಲವೆಡೆ ಸೋತಿದ್ದಾರೆ. ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ಧ್ವನಿಮುದ್ರಣಗಳನ್ನೂ ಚಿತ್ರಗಳನ್ನೂ ಮುಂದಿಟ್ಟುಕೊಂಡು ನೋಡಬೇಕು.

ಮೊದಲು ಆ ಗಿಟಾರಿನ ಗುಣ. ಗಿಲ್ಮೋರ್ ವೇಗದ ವಾದಕರಲ್ಲ. ಒಂದು ಸ್ವರವನ್ನು ಮೀಟಿ, ಬೆರಳಿನಿಂದ ತಂತಿಯನ್ನು ಪಕ್ಕಕ್ಕೆಳೆದು, ಮೇಲಿನ ಸ್ವರಕ್ಕೆ ನಿಧಾನವಾಗಿ ಏರಿಸಿ ಅಲ್ಲೇ ನಿಲ್ಲುತ್ತಾರೆ. ಸಿತಾರ್‌ನ ಮೀಂಡ್ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ಪರಿಚಿತವೆನಿಸುತ್ತದೆ. ಏರುವ ದಾರಿಯೇ ಇಲ್ಲಿ ಸಂಗೀತ. ಇಂಥ ವಾದನಕ್ಕೆ ಸ್ವರ ಸಾಯುವವರೆಗೂ ಕಾಯುವ ಮೌನ ಬೇಕು, ಆ ಸ್ವರಕ್ಕೆ ಮೈಚಾಚಲು ಜಾಗ ಬೇಕು. ಕ್ರೀಡಾಂಗಣಗಳಲ್ಲಿ ದಿನಕ್ಕೊಂದು ಊರಿನಂತೆ ಬಾರಿಸಿದರೆ ವೇದಿಕೆ ಕಟ್ಟಿ ಬಿಚ್ಚುವುದರಲ್ಲೇ ಕೆಲಸಗಾರರ ದಿನ ಕಳೆಯುತ್ತದೆ. ಧ್ವನಿಯವರಿಗೆ ಆ ಜಾಗವನ್ನು ಅರಿತುಕೊಳ್ಳಲು ಒಂದು ಮಧ್ಯಾಹ್ನವಷ್ಟೇ ಸಿಗುತ್ತದೆ. ಒಂದೇ ಕಡೆ ಆರು ರಾತ್ರಿ ಇದ್ದರೆ ಎರಡನೆಯ ರಾತ್ರಿಗೆ ಆ ಜಾಗ ಪಳಗುತ್ತದೆ. ಕಡಿಮೆ ಊರು, ಹೆಚ್ಚು ರಾತ್ರಿ ಎನ್ನುವ ಕ್ರಮವನ್ನು ವಯಸ್ಸಾದವರ ಅನುಕೂಲ ಎಂದಷ್ಟೇ ಎಣಿಸಿದರೆ ತಪ್ಪಾಗುತ್ತದೆ. ಅದು ಅವರ ನಾದದ ಅಗತ್ಯವೂ ಹೌದು.

ಆಲ್ಬರ್ಟ್ ಹಾಲ್ ಇದಕ್ಕೆ ಒಳ್ಳೆಯ ಸಾಕ್ಷಿ. 1871ರಲ್ಲಿ ತೆರೆದ ಈ ಅಂಡಾಕಾರದ ಸಭಾಂಗಣದ ಗುಮ್ಮಟ ಸುಮಾರು ನೂರು ವರ್ಷ ಸಂಗೀತಗಾರರನ್ನು ಕಾಡಿತು. ವೇದಿಕೆಯ ಸದ್ದು ಮೇಲೆ ಹೋಗಿ ಪ್ರತಿಧ್ವನಿಯಾಗಿ ಮರಳಿ ಬೀಳುತ್ತಿತ್ತು. 1969ರಲ್ಲಿ ಫೈಬರ್‌ಗ್ಲಾಸಿನ ದೊಡ್ಡ ಅಣಬೆಯಾಕಾರದ ತಟ್ಟೆಗಳನ್ನು ಗುಮ್ಮಟದಿಂದ ತೂಗುಬಿಟ್ಟ ಮೇಲೆ ಅದು ಬಹಳಷ್ಟು ಹದಕ್ಕೆ ಬಂತು. ಐದು ಸಾವಿರ ಚಿಲ್ಲರೆ ಜನ ಕೂರುವ ಜಾಗ. ಕೊನೆಯ ಸಾಲಿನವರಿಗೂ ವೇದಿಕೆ ದೂರವಲ್ಲ. 2006ರ ಮೇ ತಿಂಗಳಲ್ಲಿ ಇಲ್ಲಿ ನಡೆದ ಕಛೇರಿಗಳು ಚಿತ್ರವಾಗಿ ಉಳಿದಿವೆ. ಗಾಯಕರಾದ ಕ್ರಾಸ್ಬಿ ಮತ್ತು ನ್ಯಾಶ್ ಬಂದು ದನಿಗೂಡಿಸಿದ್ದು ಅಲ್ಲಿ. ಡೇವಿಡ್ ಬೋವಿ ಬಂದು ಎರಡು ಹಾಡು ಹಾಡಿದ್ದೂ ಅಲ್ಲಿ. ಕೀಬೋರ್ಡಿನ ಹಿಂದೆ ಪಿಂಕ್ ಫ್ಲಾಯ್ಡ್‌ನ ಹಳೆಯ ಜೊತೆಗಾರ ರಿಚರ್ಡ್ ರೈಟ್ ಇದ್ದರು. ಗಿಲ್ಮೋರ್‌ರ ಒಂಟಿ ಕಛೇರಿಗಳಲ್ಲಿ ಇಷ್ಟು ಸಲೀಸಾಗಿ ಉಸಿರಾಡಿದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಸ್ಥಳ ತನ್ನನ್ನು ಮೆರೆಸಿಕೊಳ್ಳುವುದಿಲ್ಲ, ಸುಮ್ಮನೆ ಕೇಳಿಸುತ್ತದೆ.

ಅದೇ ವರ್ಷ ಆಗಸ್ಟ್ 26ರಂದು ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ನಡೆದದ್ದು ಬೇರೆಯೇ ತೂಕದ ಸಂಗತಿ. 1980ರ ಆಗಸ್ಟಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿ 'ಸಾಲಿಡಾರಿಟಿ' ಸಂಘಟನೆಗೆ ಹುಟ್ಟು ಕೊಟ್ಟ ಜಾಗ ಅದು. ಅದರ ವಾರ್ಷಿಕೋತ್ಸವಕ್ಕೆಂದೇ ಈ ಕಛೇರಿ. ಸುಮಾರು ಐವತ್ತು ಸಾವಿರ ಜನ. ಜ್ಬಿಗ್ನಿಯೆವ್ ಪ್ರೈಸ್ನರ್ ನಿರ್ದೇಶನದಲ್ಲಿ ಬಾಲ್ಟಿಕ್ ಫಿಲ್‌ಹಾರ್ಮನಿಕ್ ವಾದ್ಯವೃಂದ ಜೊತೆಗಿತ್ತು. ಬರ್ಲಿನ್ ಗೋಡೆ ಬಿದ್ದ ನಂತರದ ಆಸೆ ನಿರಾಸೆಗಳನ್ನು ಕುರಿತ 1994ರ 'ಎ ಗ್ರೇಟ್ ಡೇ ಫಾರ್ ಫ್ರೀಡಮ್' ಆ ಅಂಗಳದಲ್ಲಿ ಕೇಳಿಸಿದಾಗ, ಆಲ್ಬಮ್ಮಿನಲ್ಲಿ ಸಾಧಾರಣವೆನಿಸಿದ್ದ ಆ ಹಾಡಿಗೆ ಒಮ್ಮೆಲೇ ಬೆನ್ನೆಲುಬು ಬಂದುಬಿಟ್ಟಿತು. ಸ್ಥಳ ಹಾಡಿಗೆ ಅರ್ಥ ತುಂಬುವುದೆಂದರೆ ಇದು. ಹಾಡಿನೊಳಗೆ ಏನೋ ಕಾಯುತ್ತಿತ್ತು, ಆ ಊರು ಅದನ್ನು ಹೊರತೆಗೆಯಿತು. ರೈಟ್ ಎರಡು ವರ್ಷಗಳ ನಂತರ, 2008ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗ್ದಾನ್ಸ್ಕ್ ಧ್ವನಿಮುದ್ರಣದಲ್ಲಿ 'ಎಕೋಸ್' ನುಡಿಸುವಾಗ ಗಿಲ್ಮೋರ್ ಮತ್ತು ರೈಟ್ ಒಬ್ಬರಿಗೊಬ್ಬರು ಉತ್ತರಿಸುವ ಬಗೆಯನ್ನು ಕೇಳಿ. ಮಾತಿಲ್ಲದೆ ಅಷ್ಟು ಹೇಳಿಕೊಳ್ಳಬಲ್ಲ ಗೆಳೆತನ ರಾಕ್ ಸಂಗೀತದಲ್ಲಿ ಬಹಳ ಇಲ್ಲ.

ಇಟಲಿಯ ಪಾಂಪೇ ವಿಷಯದಲ್ಲಿ ಅಭಿಮಾನಿಗಳಷ್ಟು ಭಾವಾವೇಶ ನನಗಿಲ್ಲ. ಕಥೆಯೇನೋ ಅದ್ಭುತ. 1971ರ ಅಕ್ಟೋಬರಿನಲ್ಲಿ ನಿರ್ದೇಶಕ ಏಡ್ರಿಯನ್ ಮೇಬನ್ ಪಿಂಕ್ ಫ್ಲಾಯ್ಡ್‌ನ ನಾಲ್ವರು ಯುವಕರನ್ನು ಅಲ್ಲಿನ ಪ್ರಾಚೀನ ಬಯಲು ರಂಗದಲ್ಲಿ ನಿಲ್ಲಿಸಿ, ಪ್ರೇಕ್ಷಕರೇ ಇಲ್ಲದೆ ಕಛೇರಿ ಚಿತ್ರೀಕರಿಸಿದರು. ವಿದ್ಯುತ್ತಿಗಾಗಿ ಊರಿನಿಂದ ಉದ್ದಕ್ಕೆ ಕೇಬಲ್ ಎಳೆಯಬೇಕಾಯಿತು. ಸಾವಿರಾರು ಜನರಿಗಾಗಿ ಕಟ್ಟಿದ ಕಲ್ಲಿನ ಬಟ್ಟಲು ಖಾಲಿಯಾಗಿತ್ತು. ಆ ಖಾಲಿತನವೇ ಚಿತ್ರದ ಶಕ್ತಿ. 2016ರ ಜುಲೈ 7 ಮತ್ತು 8ರಂದು ಗಿಲ್ಮೋರ್ ಒಬ್ಬರೇ ಅಲ್ಲಿಗೆ ಮರಳಿದಾಗ, ಗ್ಲಾಡಿಯೇಟರ್‌ಗಳು ಕಾದಾಡಿದ ಅದೇ ನೆಲದ ಮೇಲೆ ಸುಮಾರು 2,600 ಜನ ನಿಂತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಊರನ್ನು ಹೂತ ಮೇಲೆ ಅಲ್ಲಿ ಸೇರಿದ ಮೊದಲ ಪ್ರೇಕ್ಷಕ ಸಮೂಹ ಇದೆಂದು ಹೇಳಲಾಯಿತು. ಆದರೆ 2016ರ ಚಿತ್ರವನ್ನು ನೋಡುತ್ತ ಹೋದರೆ ಒಂದು ಕೊರತೆ ಕಾಡುತ್ತದೆ. ದುಂಡು ಪರದೆ, ಲೇಸರ್, ಬೆಂಕಿ, ಪಟಾಕಿಗಳ ನಡುವೆ ಕಲ್ಲು ಬರೀ ಹಿನ್ನೆಲೆಯ ಪರದೆಯಾಗಿ ಉಳಿಯುತ್ತದೆ. 1971ರಲ್ಲಿ ನುಡಿಸಿದ್ದರಲ್ಲಿ ಮತ್ತೆ ಬಂದದ್ದು 'ಒನ್ ಆಫ್ ದೀಸ್ ಡೇಸ್' ಒಂದೇ. 'ಎಕೋಸ್' ಇಲ್ಲ, ರೈಟ್ ಇಲ್ಲದೆ ಅದನ್ನು ನುಡಿಸಲು ಗಿಲ್ಮೋರ್‌ಗೆ ಮನಸ್ಸಿಲ್ಲ, ಆ ನಿಲುವಿಗೆ ನನ್ನ ಗೌರವವಿದೆ. ಆದರೂ ಸ್ಥಳದ ನೆನಪನ್ನೇ ನಂಬಿ ಹೋದ ಕಛೇರಿ ಸ್ಥಳದೊಂದಿಗೆ ಮಾತಾಡದೆ ಬಂತು.

ಪಿಂಕ್ ಫ್ಲಾಯ್ಡ್‌ನ ಇನ್ನೊಬ್ಬ ಹಳೆಯ ಸದಸ್ಯ ರೋಜರ್ ವಾಟರ್ಸ್ ಜೊತೆ ಹೋಲಿಸದೆ ಈ ಚರ್ಚೆ ಮುಂದೆ ಹೋಗುವುದಿಲ್ಲ. ವಾಟರ್ಸ್ ತಮ್ಮ ಸ್ಥಳವನ್ನು ತಾವೇ ಹೊತ್ತುಕೊಂಡು ತಿರುಗುತ್ತಾರೆ. 2010ರಿಂದ 2013ರವರೆಗೆ 'ದ ವಾಲ್' ಪ್ರವಾಸದಲ್ಲಿ 219 ಸಲ ಅವರು ವೇದಿಕೆಯ ಮೇಲೆ ಅದೇ ಬಿಳಿ ಗೋಡೆಯನ್ನು ಕಟ್ಟಿ ಅದೇ ಗೋಡೆಯನ್ನು ಕೆಡವಿದರು. ಯಾವ ಊರಾದರೂ ಗೋಡೆಯ ಮುಂದೆ ಎಲ್ಲರೂ ಸಮಾನರು. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಅವರು ಬಂದದ್ದೂ ಇದೇ ಗುಣದಿಂದ. ಆ ಮೈದಾನಕ್ಕೆ ಸಭಾಂಗಣದ ಶ್ರುತಿಯಿಲ್ಲ. ಆದರೂ ಆ ಸಂಜೆ ಅಲ್ಲಿದ್ದವರು ಇಂದಿಗೂ ಅದನ್ನು ಮಾತಾಡುತ್ತಾರೆ, ಯಾಕೆಂದರೆ ಹಾಡು ಅವರ ಊರಿಗೆ ಬಂದಿತ್ತು. ಗಿಲ್ಮೋರ್ ಇದಕ್ಕೆ ತದ್ವಿರುದ್ಧ. ಅವರು ಒಂದು ಕಡೆ ನೆಲೆ ನಿಲ್ಲುತ್ತಾರೆ. ಪ್ರಯಾಣ ಮಾಡಬೇಕಾದವರು ಕೇಳುಗರು. 2019ರಲ್ಲಿ ಅವರು ತಮ್ಮ ಹೆಸರಾಂತ ಕಪ್ಪು ಸ್ಟ್ರಾಟೊಕ್ಯಾಸ್ಟರ್ ಸೇರಿದಂತೆ ಬಹಳಷ್ಟು ಗಿಟಾರುಗಳನ್ನು ಹರಾಜಿಗಿಟ್ಟು, ಬಂದ ಸುಮಾರು 2.1 ಕೋಟಿ ಡಾಲರನ್ನು ಹವಾಮಾನ ಸಂಕಟದ ವಿರುದ್ಧ ದುಡಿಯುವ 'ಕ್ಲೈಂಟ್‌ಅರ್ತ್' ಸಂಸ್ಥೆಗೆ ಕೊಟ್ಟವರು. ತಾವು ಅಲೆಯದೆ ಒಂದೆಡೆ ನಿಂತಾಗ ಸಾವಿರಾರು ಅಭಿಮಾನಿಗಳು ವಿಮಾನ ಹತ್ತಿ ಬರಬೇಕಾಗುತ್ತದೆ ಎಂಬ ಲೆಕ್ಕವನ್ನು ಅಂಥವರು ಗಮನಿಸಬೇಕಿತ್ತು. ಟಿಕೆಟ್ಟಿಗಿಂತ ವಿಮಾನ ಮತ್ತು ಹೋಟೆಲಿನ ಖರ್ಚೇ ದೊಡ್ಡದಾಗುವಾಗ, ಕೇಳುವ ಹಕ್ಕು ಹಣವಂತರ ಪಾಲಾಗುತ್ತದೆ. ಪ್ರಾಗ್ ಅಥವಾ ವಾರ್ಸಾದ ಅಭಿಮಾನಿಯ ದೂರು ಬರಿಯ ಗೊಣಗಾಟವಲ್ಲ, ಅದು ನ್ಯಾಯದ ಮಾತು. ರೋಮ್‌ನ ಆರರಲ್ಲಿ ಮೂರನ್ನು ಪೂರ್ವ ಯುರೋಪಿನ ಒಂದು ಊರಿಗೆ ಕೊಟ್ಟಿದ್ದರೆ ಸಂಗೀತಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ.

ಹೀಗನ್ನಲು ಇನ್ನೊಂದು ಕಾರಣ, ಸರ್ಕಸ್ ಮ್ಯಾಕ್ಸಿಮಸ್ ಕೇಳುವ ಜಾಗವೇ ಅಲ್ಲ. ಎರಡು ಬೆಟ್ಟಗಳ ನಡುವೆ ರಥಗಳು ಓಡುತ್ತಿದ್ದ ಸುಮಾರು 600 ಮೀಟರ್ ಉದ್ದದ ಬಯಲು. ಇಂದು ಅದು ಹುಲ್ಲುನೆಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ಕೂತವನಿಗೆ ಪರದೆಯ ಮೇಲೆ ಬೆರಳು ತಂತಿ ಎಳೆದದ್ದು ಕಂಡು ಸೆಕೆಂಡಿನ ಸುಮಾರು ಮೂರನೇ ಒಂದರಷ್ಟು ತಡವಾಗಿ ನಾದ ತಲುಪುತ್ತದೆ. ನಡುವೆ ಗೋಪುರ ನಿಲ್ಲಿಸಿ ಸ್ಪೀಕರ್ ಕಟ್ಟಿ ಸರಿದೂಗಿಸಬಹುದು, ಆದರೆ ಬಯಲು ತಾನಾಗಿ ಏನನ್ನೂ ಮರಳಿಸುವುದಿಲ್ಲ. ರೋಮ್ ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ ನಿಜ. ಕೇಳಲು ಲಂಡನ್ನೇ ಮೇಲು.

ಹಾಡುಗಳ ಆಯ್ಕೆಯಲ್ಲಿ ಮಾತ್ರ ನಾನು ಪೂರ್ತಿ ಗಿಲ್ಮೋರ್ ಪಕ್ಷ. ಹೊಸ ಆಲ್ಬಮ್ 'ಲಕ್ ಅಂಡ್ ಸ್ಟ್ರೇಂಜ್' ಬಂದದ್ದು 2024ರ ಸೆಪ್ಟೆಂಬರ್ 6ರಂದು. ಚಾರ್ಲಿ ಆಂಡ್ರೂ ಎಂಬ ಕಿರಿಯ ನಿರ್ಮಾಪಕರನ್ನು ಕರೆತಂದು, ಹೆಂಡತಿ ಪಾಲಿ ಸ್ಯಾಮ್ಸನ್ ಬರೆದ ಸಾಲುಗಳಿಗೆ ರಾಗ ಹಾಕಿ, ಮುಪ್ಪು ಮತ್ತು ಸಾವನ್ನು ನೇರವಾಗಿ ನೋಡುವ ಹಾಡುಗಳನ್ನು ಕಟ್ಟಿದರು. ಶೀರ್ಷಿಕೆ ಹಾಡಿನಲ್ಲಿ ಕೇಳುವ ಕೀಬೋರ್ಡ್ ತೀರಿಹೋದ ರೈಟ್ ಅವರದೇ, 2007ರಲ್ಲಿ ಗಿಲ್ಮೋರ್‌ರ ಕಣಜದಲ್ಲಿ ಮುದ್ರಿಸಿದ್ದು. ಈ ಒಂಬತ್ತೂ ಹಾಡುಗಳನ್ನು ಪ್ರವಾಸದಲ್ಲಿ ನುಡಿಸಿದರು. 'ಮನಿ' ಇಲ್ಲ, 'ಶೈನ್ ಆನ್' ಇಲ್ಲ. ಹಲವರಿಗೆ ಕೋಪ ಬಂತು. ಆದರೆ ಮೂವತ್ತರ ಗಂಟಲಿಗೆ ಬರೆದ ಹಾಡನ್ನು ಎಪ್ಪತ್ತೆಂಟರ ಗಂಟಲಿನಿಂದ ಎಳೆದಾಡುವುದಕ್ಕಿಂತ, ಈಗಿನ ಗಂಟಲಿಗೇ ಬರೆದ ಹಾಡನ್ನು ಹಾಡುವುದು ಪ್ರಾಮಾಣಿಕ. ದನಿ ತೆಳುವಾಗಿದೆ, ಮೇಲಿನ ಸ್ವರಗಳಲ್ಲಿ ಸವೆತ ಕೇಳುತ್ತದೆ. 'ಸಿಂಗ್ಸ್' ಹಾಡಿನಲ್ಲಿ ಅದೇ ಸವೆತ ಗುಣವಾಗುತ್ತದೆ.

ಜೊತೆಯವರ ವಿಷಯದಲ್ಲೂ ಧೈರ್ಯ ತೋರಿದರು. 1987ರಿಂದ ಒಡನಾಡಿಯಾದ ಬಾಸ್ ವಾದಕ ಗೈ ಪ್ರಾಟ್ ಉಳಿದರು. ಉಳಿದಂತೆ ಬಹುಪಾಲು ಹೊಸಬರು. ಮಗಳು ರೊಮನಿ ಹಾರ್ಪ್ ನುಡಿಸುತ್ತ 'ಬಿಟ್ವೀನ್ ಟೂ ಪಾಯಿಂಟ್ಸ್' ಹಾಡುವಾಗ ತಂದೆ ಪಕ್ಕಕ್ಕೆ ಸರಿದು ಜೊತೆ ಕೊಡುತ್ತಾರೆ. ಮಗಳಿಗೆ ಸಿಕ್ಕ ಅವಕಾಶ ಎಂದು ಮೂಗುಮುರಿದವರು ಆ ದನಿಯ ನಿರಾಭರಣವಾದ ಸ್ಪಷ್ಟತೆಯನ್ನು ಕೇಳಿಸಿಕೊಂಡಿಲ್ಲ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಹಾಡನ್ನು ಒಬ್ಬಳೇ ಗಾಯಕಿ ಕಂಠ ಕಿತ್ತು ಹಾಡುವ ಪ್ರದರ್ಶನದಿಂದ ಬಿಡಿಸಿ, ಪಿಯಾನೊ ಸುತ್ತ ನಾಲ್ವರು ಹೆಣ್ಣುಮಕ್ಕಳು ಹಂಚಿಕೊಂಡು ಹಾಡುವಂತೆ ಮಾಡಿದ್ದು ಈ ಪ್ರವಾಸದ ಅತ್ಯುತ್ತಮ ನಿರ್ಧಾರ. ಹಳೆಯದನ್ನು ಗೌರವಿಸುವ ರೀತಿ ಹೀಗಿರಬೇಕು.

ರೋಮ್ ಕಛೇರಿಯ ಚಿತ್ರ 2025ರ ಸೆಪ್ಟೆಂಬರಿನಲ್ಲಿ ಚಿತ್ರಮಂದಿರಗಳಿಗೆ ಬಂತು, ಪ್ರವಾಸದ ಧ್ವನಿಮುದ್ರಿಕೆ ಅದರ ಹಿಂದೆಯೇ ಹೊರಬಿತ್ತು. ನಮ್ಮಲ್ಲಿ ಅದನ್ನು ನೋಡುವ, ಕೇಳುವ ಗೆಳೆಯರಲ್ಲಿ ಒಂದು ಮಾತು: ನೇರವಾಗಿ ಕೊನೆಯ 'ಕಂಫರ್ಟಬ್ಲಿ ನಂಬ್'ಗೆ ಓಡಿಸಬೇಡಿ. ಅದಕ್ಕೂ ಮುಂಚೆ ಬರುವ 'ಸ್ಕ್ಯಾಟರ್ಡ್' ಹಾಡನ್ನು ಪೂರ್ತಿ ಕೇಳಿ. ಈ ಪ್ರವಾಸದಲ್ಲಿ ಗಿಲ್ಮೋರ್ ನುಡಿಸಿದ ಅತಿ ಒಳ್ಳೆಯ ಗಿಟಾರ್ ಇರುವುದು ಅದರಲ್ಲಿ.