ಅನುಮತಿಪತ್ರವೆಂಬ ಕರಾರು

ಮುಂಬಯಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆಯುಷ್ಯದ ಅರ್ಧವನ್ನು ಸವೆಸಿ, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಒಂದು ಫ್ಲ್ಯಾಟು ಮಾಡಿಕೊಂಡ ಕನ್ನಡ ಕುಟುಂಬವು, ನಿವೃತ್ತಿಯ ಬಳಿಕ ಉಡುಪಿಯ ಕಡೆಗೋ ಕುಂದಾಪುರದ ಕಡೆಗೋ ಮರಳಿದಾಗ, ಆ ಮನೆಯನ್ನು ಮಾರಲು ಮನಸ್ಸೊಪ್ಪದೆ ಬಾಡಿಗೆಗೆ ಕೊಡುವುದು ಸ್ವಾಭಾವಿಕವೇ. ಅಚ್ಚರಿಯ ಸಂಗತಿಯೆಂದರೆ, ಕೊಳ್ಳುವಾಗ ಒಂದೊಂದು ಕಾಗದವನ್ನೂ ಬಲ್ಲವರಿಗೆ ತೋರಿಸಿ ನಿಶ್ಚಯ ಮಾಡಿಕೊಂಡ ಅದೇ ಯಜಮಾನನು, ಅದನ್ನು ಪರರ ವಶಕ್ಕೆ ಒಪ್ಪಿಸುವ ಕರಾರಿಗೆ ಮಾತ್ರ, ಏಜಂಟನು ತಂದಿತ್ತುದನ್ನು ತಂದಿತ್ತಂತೆಯೇ ಒಪ್ಪಿ, ಓದದೆಯೇ ಹೆಬ್ಬೆರಳನ್ನು ಒತ್ತಿಬಿಡುವನು. ಠಾಣೆಯಿಂದ ಪನವೇಲಿನವರೆಗೆ ‘ಲೀವ್ ಅಂಡ್ ಲೈಸೆನ್ಸ್’ ಎಂದು ಎಲ್ಲರ ಬಾಯಲ್ಲಿರುವ ಈ ಪತ್ರವನ್ನು, ಒಂದು ಗ್ರಂಥವನ್ನು ಪರಾಮರ್ಶಿಸುವ ಶ್ರದ್ಧೆಯಿಂದಲೇ ಪರಾಮರ್ಶಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಅದರ ವಂಶಾವಳಿಯನ್ನು ಅರಿಯದೆ ಅದರ ಸ್ವಭಾವವನ್ನು ಅರಿಯಲಾಗದು. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಪ್ರಮಾಣ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು; ಬಾಡಿಗೆದಾರನನ್ನು ಎಬ್ಬಿಸುವುದು ಮಾಲಿಕನಿಗೆ ದುಸ್ಸಾಧ್ಯವಾಯಿತು. ಒಂದೆಡೆ, ಬಾಡಿಗೆಯ ಹಕ್ಕಿಗಾಗಿ ಇಡಿಗಂಟಾಗಿ ಹಣ ತೆರುವ ಪಗಡಿಯ ವ್ಯವಹಾರವು ಬೆಳೆಯಿತಾದರೆ, ಇನ್ನೊಂದೆಡೆ ಚತುರರಾದ ಮಾಲಿಕರು 1882ರ ಈಸ್‌ಮೆಂಟ್ ಕಾಯಿದೆಯ 52ನೆಯ ಕಲಮನ್ನು ಆಶ್ರಯಿಸಿ, ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ, ಇರಲು ಅನುಮತಿಯನ್ನಷ್ಟೇ ಇತ್ತಿದೆ ಎಂದು ಬರೆಯಿಸಿಕೊಳ್ಳತೊಡಗಿದರು. ಪತ್ರದ ಹೆಸರು ಏನೇ ಇರಲಿ, ಪಕ್ಷಗಳ ನಿಜವಾದ ಉದ್ದೇಶವನ್ನೇ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿತು. ಅನಂತರ ಬಾಡಿಗೆ ಕಾಯಿದೆಗೆ ಬಂದ 1973ರ ತಿದ್ದುಪಡಿಯು, ಆ ವರ್ಷದ ಫೆಬ್ರವರಿ 1ರಂದು ಊರ್ಜಿತ ಅನುಮತಿಯ ಮೇಲೆ ವಾಸವಾಗಿದ್ದವರನ್ನು ಒಂದೇ ಏಟಿಗೆ ಸಂರಕ್ಷಿತ ಬಾಡಿಗೆದಾರರನ್ನಾಗಿ ಮಾಡಿಬಿಟ್ಟಿತು. ಅಂದು ಮನೆಯೊಡೆಯರ ಎದೆಯಲ್ಲಿ ಹೊಕ್ಕ ಭೀತಿಯು, ಆ ದಿನಗಳನ್ನು ಕಂಡಿರದ ಇಂದಿನವರಲ್ಲಿಯೂ ಆನುವಂಶಿಕ ವ್ಯಾಧಿಯಂತೆ ಉಳಿದುಬಂದಿದೆ.

2000ದ ಮಾರ್ಚ್ 31ರಿಂದ ಜಾರಿಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಈ ಭೀತಿಗೆ ಔಷಧವನ್ನಿತ್ತಿತು. ಮಾತ್ರೆಯು ತುಸು ಹೆಚ್ಚೇ ಆಯಿತೆನ್ನಬೇಕು. ಅದರ 24ನೆಯ ಕಲಮಿನಂತೆ, ವಾಸಕ್ಕಾಗಿ ಅನುಮತಿ ಪಡೆದವನು ಅವಧಿ ತೀರಿದೊಡನೆ ಮನೆಯನ್ನು ಬಿಟ್ಟುಕೊಡತಕ್ಕದ್ದು. ಬಿಡದಿದ್ದರೆ ಸಕ್ಷಮ ಪ್ರಾಧಿಕಾರಿಯು ಅವನನ್ನು ಹೊರಡಿಸಬಲ್ಲನು. ಅಲ್ಲಿಯವರೆಗೆ ಅನುಮತಿಶುಲ್ಕದ ಇಮ್ಮಡಿಯನ್ನು ಅವನು ತೆರಬೇಕು. ಸಮನ್ಸು ಕೈಸೇರಿದ 30 ದಿನಗಳೊಳಗೆ ಪ್ರಮಾಣಪತ್ರವನ್ನು ಸಲ್ಲಿಸಿ, ಎದುರು ವಾದಿಸಲು ಅಪ್ಪಣೆಯನ್ನು ಪಡೆಯದಿದ್ದಲ್ಲಿ, ಅವನ ಮಾತಿಗೆ ಅಲ್ಲಿ ಸ್ಥಳವೇ ಇಲ್ಲ. ಸಿವಿಲ್ ನ್ಯಾಯಾಲಯಗಳ ಮಂದಗಮನವನ್ನು ಬಲ್ಲವರಿಗೆ ಈ ವೇಗವು ಬೆರಗನ್ನುಂಟುಮಾಡದಿರದು.

ಆದರೆ ಇದೇ ಕಲಮಿನ ವಿವರಣೆಯಲ್ಲಿ ಅಡಗಿರುವ ಇನ್ನೊಂದು ವಾಕ್ಯವನ್ನು ಮಾಲಿಕರು ಗಮನಿಸಿದಂತೆ ತೋರುವುದಿಲ್ಲ. ಲಿಖಿತವಾದ ಅನುಮತಿಯ ಕರಾರು, ಅದರಲ್ಲಿ ಹೇಳಿದ ಸಂಗತಿಗಳಿಗೆ ನಿರ್ಣಾಯಕ ಸಾಕ್ಷ್ಯವೆಂದು ಅದು ವಿಧಿಸುತ್ತದೆ. ಇದು ಎರಡು ಕಡೆಗೂ ಕೊಯ್ಯುವ ವಿಧಿ: ಹೊರಹೋಗಬೇಕಾದವನನ್ನು ಕಟ್ಟಿಹಾಕುವಂತೆಯೇ, ದಿನಾಂಕವನ್ನು ತಪ್ಪಾಗಿ ಬರೆಸಿದ, ಠೇವಣಿಯ ಭಾಗವನ್ನು ನಗದಾಗಿ ಪಡೆದು ಪತ್ರದಲ್ಲಿ ಕಾಣಿಸದ, ತೆರಿಗೆಯ ಕಣ್ಣು ತಪ್ಪಿಸಲು ಬಾಡಿಗೆಯನ್ನು ಕಡಮೆಯಾಗಿ ನಮೂದಿಸಿದ ಮಾಲಿಕನನ್ನೂ ಕಟ್ಟಿಹಾಕುತ್ತದೆ. ಇಮ್ಮಡಿ ಪರಿಹಾರವನ್ನು ಲೆಕ್ಕ ಹಾಕುವುದು ಬರೆದ ಮೊತ್ತದ ಮೇಲೆಯೇ ಹೊರತು, ಕೈಯಿಂದ ಕೈಗೆ ಸರಿದ ಮೊತ್ತದ ಮೇಲಲ್ಲ.

ಕರ್ನಾಟಕದ ರೂಢಿಯನ್ನು ಇಲ್ಲಿಗೆ ಹೊತ್ತು ತರುವವರು ಎಡವುವ ಸ್ಥಳ 1999ರ ಇದೇ ಕಾಯಿದೆಯ 55ನೆಯ ಕಲಮು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯವಾದುದರಿಂದ, ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ಕರಾರೆಂಬ ಉಪಾಯವು ದೇಶದಲ್ಲೆಲ್ಲ ಹಬ್ಬಿತು; ಛಾಪಾ ಕಾಗದ, ನೋಟರಿಯ ಮುದ್ರೆ, ಅಲ್ಲಿಗೆ ಕೆಲಸ ಮುಗಿಯಿತು. ಮಹಾರಾಷ್ಟ್ರದಲ್ಲಿ ಅವಧಿ ಎಷ್ಟೇ ಇರಲಿ, ಕರಾರು ಲಿಖಿತವೂ ನೋಂದಾಯಿತವೂ ಆಗಿರಲೇಬೇಕು, ನೋಂದಣಿಯ ಹೊಣೆ ಮನೆಯೊಡೆಯನದೇ. ತಪ್ಪಿದರೆ, ಷರತ್ತುಗಳ ವಿಷಯದಲ್ಲಿ, ಬೇರೆಯದು ಸಿದ್ಧವಾಗುವವರೆಗೆ, ವಾಸವಿದ್ದವನ ಮಾತೇ ನಿಲ್ಲುತ್ತದೆ. ಒಡೆಯನಿಗೆ ಮೂರು ತಿಂಗಳವರೆಗಿನ ಸೆರೆಯೋ 5,000 ರೂಪಾಯಿವರೆಗಿನ ದಂಡವೋ ಎರಡೂ ಕೂಡಿಯೋ ಒದಗಬಹುದು. ಹೀಗಿದ್ದೂ ಡೊಂಬಿವಲಿಯ ಏಜಂಟರು ಹನ್ನೊಂದೇ ತಿಂಗಳಿಗೆ ಬರೆಯುತ್ತಿರುವುದು, ಕಾರಣವು ಸತ್ತ ಮೇಲೂ ಆಚಾರವು ಬದುಕಿರುವುದಕ್ಕೆ ನಿದರ್ಶನ; ವರ್ಷವರ್ಷವೂ ನವೀಕರಣದ ದಲಾಲಿ ದೊರೆಯುವುದೂ ಆ ಆಚಾರದ ದೀರ್ಘಾಯುಷ್ಯಕ್ಕೆ ನೆರವಾಗಿರಬಹುದು.

ಖರ್ಚಿನ ನೆಪವೂ ಸಲ್ಲದು. ತಿಂಗಳಿಗೆ 19,000 ರೂಪಾಯಿ ಬಾಡಿಗೆ, 1,20,000 ರೂಪಾಯಿ ಠೇವಣಿ, ಎರಡು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಒಟ್ಟು ಬಾಡಿಗೆ 4,56,000. ಮರಳಿಸತಕ್ಕ ಠೇವಣಿಗೆ ವರ್ಷಕ್ಕೆ ಶೇಕಡಾ 10ರಂತೆ ಕಲ್ಪಿತ ಬಡ್ಡಿ 24,000. ಇವೆರಡರ ಮೊತ್ತದ ಮೇಲೆ ಶೇಕಡಾ 0.25ರ ಮುದ್ರಾಂಕ ಶುಲ್ಕವು 1,200 ರೂಪಾಯಿ, ಮಹಾನಗರಪಾಲಿಕೆಯ ಎಲ್ಲೆಯೊಳಗೆ ನೋಂದಣಿ ಶುಲ್ಕ 1,000. ಸಬ್ ರಿಜಿಸ್ಟ್ರಾರರ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಿಲ್ಲ. ಹೆಬ್ಬೆರಳ ಗುರುತನ್ನು ಪಡೆಯುವ ಯಂತ್ರವು ಮನೆಬಾಗಿಲಿಗೇ ಬರುತ್ತದೆ.

ಈ ಸೌಲಭ್ಯದಲ್ಲಿಯೇ ಕೃತಿಯ ದೌರ್ಬಲ್ಯವೂ ಹುಟ್ಟಿದೆ. ಸಿದ್ಧ ನಮೂನೆಯು ಅವಧಿ, ಶುಲ್ಕ, ಠೇವಣಿಗಳ ಅಂಕಿಗಳಲ್ಲಿ ನಿಷ್ಕೃಷ್ಟವಾಗಿದ್ದು, ಜಗಳಗಳು ನಿಜವಾಗಿ ಹುಟ್ಟುವ ಸ್ಥಳಗಳಲ್ಲಿ ಮೌನ ತಾಳುತ್ತದೆ. ಜುಲೈ ತಿಂಗಳ ಮಳೆಗೆ ಮೇಲಂತಸ್ತಿನ ಮನೆಯ ಗೋಡೆ ಒಸರಿದರೆ ದುರಸ್ತಿ ಯಾರದು, ಎಷ್ಟು ದಿನಗಳೊಳಗೆ? ಮನೆ ಬಿಡುವಾಗ ಬಣ್ಣಕ್ಕೆಂದು ಠೇವಣಿಯಿಂದ ಮುರಿದುಕೊಳ್ಳುವ ಮೊತ್ತಕ್ಕೆ ಮಿತಿಯೇನು? ಸಾಮಾನ್ಯ ಸವಕಳಿಯೆಲ್ಲಿ ಮುಗಿಯಿತು, ಹಾನಿಯೆಲ್ಲಿ ಆರಂಭವಾಯಿತು? ಒಡೆಯನು ಊರಿನಲ್ಲಿರುವಾಗ ಬೀಗದ ಕೈಯನ್ನು ಯಾರಿಗೆ ಒಪ್ಪಿಸಿದರೆ ಮನೆ ಬಿಟ್ಟಂತಾಯಿತು? ಇವನ್ನೆಲ್ಲ ನಾಲ್ಕು ವಾಕ್ಯಗಳಲ್ಲಿ ಬರೆಯಬಹುದು. ಪ್ರವೇಶದ ದಿನ ತೆಗೆದ ಚಿತ್ರಗಳನ್ನೂ ಸಾಮಾನುಗಳ ಪಟ್ಟಿಯನ್ನೂ ಸೇರಿಸಬಹುದು. ಬರೆಯುವವರು ವಿರಳ. ವಾಸಕ್ಕೆ ಬರುವವನಿಗೆ ಸ್ಪಷ್ಟವಾದ ಹಕ್ಕನ್ನು ಕೊಟ್ಟರೆ ತನ್ನ ಹಿಡಿತ ಸಡಿಲವಾದೀತೆಂಬ ಶಂಕೆಯೇ ಇದರ ಮೂಲ. 24ನೆಯ ಕಲಮಿನ ಬಲವಿರುವವನಿಗೆ ಈ ಶಂಕೆ ನಿರಾಧಾರವಾದುದು.

ಉಳಿದ ವಿಧಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬಾಡಿಗೆಗೆ ಬಂದವರ ವಿವರವನ್ನು ಪೊಲೀಸರಿಗೆ ತಿಳಿಸತಕ್ಕದ್ದು; ಕಲ್ಯಾಣ, ಡೊಂಬಿವಲಿಗಳು ಠಾಣೆಯ ಆಯುಕ್ತಾಲಯಕ್ಕೆ ಸೇರಿದ್ದರೆ ನವಿ ಮುಂಬಯಿಗೆ ತನ್ನದೇ ಆಯುಕ್ತಾಲಯವಿದೆ. ಸಹಕಾರಿ ಸೊಸೈಟಿಯು ಒಡೆಯನು ವಾಸವಿಲ್ಲದ ಮನೆಗೆ ವಿಧಿಸುವ ಶುಲ್ಕವು, 2001ರ ಆಗಸ್ಟ್ 1ರ ಸರಕಾರಿ ಆದೇಶದಂತೆ, ಸೇವಾಶುಲ್ಕದ ಶೇಕಡಾ 10ನ್ನು ಮೀರಲಾಗದು.

ನವಿ ಮುಂಬಯಿಯ ವಾಶಿ, ನೆರುಳ್‌ಗಳ ಒಡೆಯರಿಗಂತೂ ಇನ್ನೊಂದು ಮಾತು ಅನ್ವಯಿಸುತ್ತದೆ. ಅವರ ಕಟ್ಟಡಗಳು ನಿಂತ ಬಹುಪಾಲು ನೆಲವು 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಎಂಬ ನಗರಾಭಿವೃದ್ಧಿ ಸಂಸ್ಥೆಯಿಂದ ದೀರ್ಘಾವಧಿಯ ಗುತ್ತಿಗೆಗೆ ಪಡೆದುದು. ತನ್ನ ಅನುಮತಿಪತ್ರಕ್ಕೆ ಹೆಬ್ಬೆರಳನ್ನೊತ್ತುವ ಮುನ್ನ, ಆ ಮೂಲ ಗುತ್ತಿಗೆಪತ್ರದಲ್ಲಿ ತನ್ನ ಮೇಲೆಯೇ ವಿಧಿಸಿರುವ ಷರತ್ತುಗಳನ್ನು ಅಲ್ಲಿನ ಮನೆಯೊಡೆಯನು ಒಮ್ಮೆ ಓದಿಕೊಳ್ಳುವುದು ಒಳಿತು.