ಗೊಂಬೆಯೂ ಗೊಂಬೆ ಮಾಡಿದವರೂ

ವಿಜಯವಾಡದ ಹತ್ತಿರದ ಕೊಂಡಪಲ್ಲಿಗೆ ನವರಾತ್ರಿಯ ಗೊಂಬೆ ಕೊಳ್ಳಲು ಹೋದ ನಾವು ಅರ್ಧ ದಿನ ಅಲ್ಲಿಯೇ ನಿಂತುಬಿಟ್ಟೆವು. ಪೊಣಿಕಿ ಎಂಬ ಹಗುರ ಮರವನ್ನು ಕಾಯಿಸಿ ತೇವ ತೆಗೆದು, ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಕೂಡಿಸುತ್ತಾರೆ. ಆಮೇಲೆ ಸುಣ್ಣ, ಆಮೇಲೆ ಬಣ್ಣ. ಬಣ್ಣ ಕಾಣದ ದಶಾವತಾರ ಸಾಲಾಗಿ ಒಣಗುತ್ತಿತ್ತು. ಆಗ ನಮಗೆ ನೆನಪಾದದ್ದು, ಪ್ರಯಾಣದಲ್ಲಿ ಓದುತ್ತಿದ್ದ ಪುಸ್ತಕ: ಜಾನ್ ಲ್ಯಾಂಬ್ ಲ್ಯಾಶ್ ಅವರ ‘ನಾಟ್ ಇನ್ ಹಿಸ್ ಇಮೇಜ್’ (2006).

ಇದು ಕ್ರಿಸ್ತಶಕದ ಮೊದಲ ಶತಮಾನಗಳ ನಾಸ್ಟಿಕರನ್ನು ಕುರಿತದ್ದು. (ನಾಸ್ತಿಕರಲ್ಲ, ಗ್ರೀಕಿನ ‘ಗ್ನೋಸಿಸ್’ ನಮ್ಮ ‘ಜ್ಞಾನ’ದ ಒಡಹುಟ್ಟು.) ಅವರ ಗ್ರಂಥಗಳಲ್ಲಿ ಈ ಲೋಕವನ್ನಾಳುವ ‘ಆರ್ಕನ್’ರೆಂಬ ಕೀಳು ಶಕ್ತಿಗಳು ಬರುತ್ತಾರೆ. ಲ್ಯಾಶ್ ಅವರ ಪ್ರಕಾರ ಇವರು ಹೊರಲೋಕದ, ಜೀವವಿಲ್ಲದ, ಅನುಕರಣೆಯನ್ನಷ್ಟೇ ಬಲ್ಲ ಬುದ್ಧಿಗಳು. ಪಶ್ಚಿಮದ ಸಂಘಟಿತ ಮತಗಳು ಇವರು ಮನುಷ್ಯನ ಮನಸ್ಸಿನಲ್ಲಿ ಹಚ್ಚಿದ ರೋಗ. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಇಂಥ ಮಾತಿಗೆ ಕಿವಿಗೊಡುವವರು ಬಹಳ.

ಮೂಲ ಏನನ್ನುತ್ತದೆ? 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಣ್ಣಿನ ಜಾಡಿಯಲ್ಲಿ ಸಿಕ್ಕ ಹೊತ್ತಗೆಗಳಲ್ಲಿ ‘ಯೋಹಾನನ ರಹಸ್ಯಗ್ರಂಥ’ ಒಂದು. ತನ್ನ ಮೇಲೆ ಇನ್ನಾರೂ ಇಲ್ಲವೆಂದು ಬೀಗುವ ಯಾಲ್ದಾಬವೋತನೂ ಅವನ ಪರಿವಾರವೂ ಸೇರಿ, ಒಬ್ಬೊಬ್ಬರು ಒಂದೊಂದು ಅಂಗ ಮಾಡಿ, ಆದಮನನ್ನು ಜೋಡಿಸುತ್ತಾರೆ. ಥೇಟ್ ಕೊಂಡಪಲ್ಲಿಯ ರೀತಿ! ಗೊಂಬೆ ಅಲುಗದು. ಮೇಲಿನವರ ಉಪಾಯಕ್ಕೆ ಮರುಳಾಗಿ ಯಾಲ್ದಾಬವೋತ ಅದರ ಮುಖದಲ್ಲಿ ಉಸಿರೂದುತ್ತಾನೆ. ತನ್ನ ತಾಯಿಯಿಂದ ಪಡೆದ ಶಕ್ತಿ ಅದಕ್ಕೆ ಹೋಗಿಬಿಡುತ್ತದೆ. ಗೊಂಬೆ ಎದ್ದು, ಮಾಡಿದವರಿಗಿಂತ ಬುದ್ಧಿವಂತನಾಗುತ್ತದೆ. ಅವರು ಹೊಟ್ಟೆಕಿಚ್ಚಿನಿಂದ ಅದನ್ನು ಜಡದ ತಳಕ್ಕೆ ನೂಕುತ್ತಾರೆ.

ಎಂದ ಮೇಲೆ, ಈ ಕಥೆಯಲ್ಲಿ ಕೃತಕವಾಗಿ ಹುಟ್ಟಿದ ಬುದ್ಧಿ ಆರ್ಕನರದಲ್ಲ, ನಮ್ಮದು! ಲ್ಯಾಶ್ ಅವರು ಗೊಂಬೆಯನ್ನೂ ಗೊಂಬೆ ಮಾಡಿದವರನ್ನೂ ಅದಲುಬದಲು ಮಾಡಿದ್ದಾರೆಂದೇ ನಮ್ಮ ತಕರಾರು. ಗ್ರಂಥದ ದೂರು ಮಾಡಿದ ವಸ್ತುವಿನ ಮೇಲಲ್ಲ. ಮಾಡಿ, ತಾನೇ ಕೊನೆಯವನೆಂದುಕೊಂಡವನ ಮೇಲೆ. ಯಂತ್ರವನ್ನು ಭೂತವೆಂದು ಕರೆದರೆ ಅದರ ಯಜಮಾನನನ್ನು ಯಾರೂ ವಿಚಾರಿಸುವುದಿಲ್ಲ.

ಮತದ ವಿಚಾರದಲ್ಲೂ ಹೀಗೆಯೇ. ಸುಮಾರು 180ರಲ್ಲಿ ನಾಸ್ಟಿಕರ ಖಂಡನೆ ಬರೆದ ಐರೇನಿಯಸ್ ಲಿಯೋನಿನ ಬಿಷಪ್. 367ರಲ್ಲಿ ಓದತಕ್ಕ ಗ್ರಂಥಗಳ ಪಟ್ಟಿ ಕಳಿಸಿದ ಅಥನೇಸಿಯಸ್ ಅಲೆಕ್ಸಾಂಡ್ರಿಯದ ಬಿಷಪ್. ಹೊರಲೋಕದವರಾರೂ ಬರಬೇಕಾಗಲಿಲ್ಲ.

ನಮ್ಮಲ್ಲಿ ಕೆಲವರು ಶರಣರನ್ನೂ ಇದೇ ಚೀಲಕ್ಕೆ ತುಂಬುತ್ತಾರೆ. ಸ್ಥಾವರವನ್ನೂ ಪುರೋಹಿತನನ್ನೂ ಇಬ್ಬರೂ ಒಲ್ಲೆಂದದ್ದು ನಿಜ. ಹಸ್ತಪ್ರತಿಗಳ ಪಾಡಿನಲ್ಲೂ ಹೋಲಿಕೆಯುಂಟು: ಮನೆಮನೆಯ ಓಲೆಗರಿಗಳನ್ನು ಅರಸಿ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ತರದಿದ್ದರೆ ನಮ್ಮ ಕೈಗೆ ಎಷ್ಟು ಉಳಿಯುತ್ತಿತ್ತೋ! ಆದರೆ ಯೋಹಾನನ ಗ್ರಂಥಕ್ಕೆ ದೇಹ ಸೆರೆಮನೆ. ಬಸವಣ್ಣನವರಿಗೆ ದೇಹವೇ ದೇಗುಲ. ನಡುವಿನ ಅಂತರ ಸಣ್ಣದಲ್ಲ. ಕಾಯಕದ ಮಾತು ಸೆರೆಮನೆಯಲ್ಲಿ ಹುಟ್ಟದು.

ಲ್ಯಾಶ್ ಅವರ ಶೈಲಿ ಚುರುಕು, ಭೂಮಿಯ ಮೇಲಿನ ಅಕ್ಕರೆ ಪ್ರಾಮಾಣಿಕ. ಓದಬೇಡಿರೆಂದು ನಾವು ಹೇಳೆವು. ಆದರೆ ನಾಗ್ ಹಮ್ಮಾದಿಯ ಇಂಗ್ಲಿಷ್ ಅನುವಾದ 1977ರಿಂದಲೂ ದೊರೆಯುತ್ತಿದೆ. ಅದನ್ನು ಮೊದಲು ಓದಿ, ಇದನ್ನು ಆಮೇಲೆ ತೆಗೆದುಕೊಳ್ಳುವುದು ಲೇಸು.